ಡ್ರೈವ್‌ವೇ ಬಾಗಲಿ, ಮರ ನಿಲ್ಲಲಿ

ಸಮ್ಮೇಳನಗಳ ಸ್ಮರಣ ಸಂಚಿಕೆಗಳಲ್ಲಿ ಬೇರಿನ ಮಾತು ಬಾರದೆ ಇರುವುದಿಲ್ಲ. ನಮ್ಮ ಬೇರುಗಳು ತಾಯ್ನಾಡಿನಲ್ಲಿವೆ, ಬೇರುಸಹಿತ ಕಿತ್ತು ತಂದ ಸಸಿಗಳು ನಾವು, ಮಕ್ಕಳಿಗೆ ತಮ್ಮ ಬೇರುಗಳ ಪರಿಚಯವಾಗಬೇಕು ಎಂದು ಮುಂತಾಗಿ ಎರಡಕ್ಷರದ ಈ ಪದವು ಎಷ್ಟು ಲೇಖನಗಳ ಭಾರವನ್ನು ಹೊತ್ತಿದೆಯೋ ಲೆಕ್ಕವಿಟ್ಟವರಿಲ್ಲ. ಈ ಲೇಖನವೂ ಬೇರನ್ನು ಕುರಿತದ್ದೇ. ಆದರೆ ಇಲ್ಲಿಯ ಬೇರು ರೂಪಕವಲ್ಲ. ಮಣ್ಣಿನಲ್ಲಿ ಹರಿದಿರುವ, ತೊಗಟೆಯುಳ್ಳ, ತೋಳಿನಷ್ಟು ದಪ್ಪವಾದ ನಿಜವಾದ ಬೇರು. ಅದು ನಮ್ಮ ಮನೆಯ ಮುಂದಿನ ಡ್ರೈವ್‌ವೇಯನ್ನು ಎತ್ತಿ ಬಿರಿಯುವಂತೆ ಮಾಡಿದಾಗ ನಾವು ಮಾಡಬೇಕಾದದ್ದೇನು ಎಂಬುದೇ ಇಲ್ಲಿಯ ಪ್ರಶ್ನೆ.

ಇದೂ ಒಂದು ವಿಷಯವೇ ಎಂದು ಕೇಳುವವರು ಸಮ್ಮೇಳನದ ಭೋಜನದ ಸಾಲಿನಲ್ಲಿ ನಿಂತಾಗ ಸ್ವಲ್ಪ ಕಿವಿಗೊಡಬೇಕು. ಮಕ್ಕಳ ಕಾಲೇಜು, ಮನೆಸಾಲದ ಬಡ್ಡಿ, ತಂದೆತಾಯಿಯರ ವೀಸಾ ಇವುಗಳ ಮಾತು ಮುಗಿದ ಮೇಲೆ ಬರುವುದು ಮನೆಯ ದುರಸ್ತಿಯ ಮಾತು. ಹಳೆಯ ಬಡಾವಣೆಗಳಲ್ಲಿ ಬಹುಕಾಲ ನೆಲೆಸಿದವರಲ್ಲಂತೂ ಮರದ ಮಾತು. ನೆರಳಿದೆಯೆಂದು ಮೆಚ್ಚಿಯೇ ನಾವು ಅಂತಹ ಬೀದಿಗಳಲ್ಲಿ ಮನೆ ಕೊಂಡೆವು. ಆ ನೆರಳಿಗೂ ಒಂದು ಬೇರಿದೆಯೆಂದು ಮನೆ ತೋರಿಸುವ ಏಜೆಂಟರು ಹೇಳುವುದಿಲ್ಲ. ಹೇಳುವುದು ಅವರ ಕಸುಬೂ ಅಲ್ಲ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಆರೋಗ್ಯವಾಗಿರುವ ದೊಡ್ಡ ಮರಕ್ಕೂ ಡ್ರೈವ್‌ವೇಗೂ ವ್ಯಾಜ್ಯ ಬಂದಾಗ ಬಾಗಬೇಕಾದದ್ದು ಡ್ರೈವ್‌ವೇ. ಮರವನ್ನು ಕಡಿಯುವುದು ಕಡೆಯ ಉಪಾಯ. ಮರವನ್ನು ಉಳಿಸಿದಂತೆ ತೋರಿಸಿ ಅದರ ಬೇರನ್ನು ಗೆರೆ ಎಳೆದಂತೆ ಕತ್ತರಿಸುವುದು ಕಡಿಯುವುದಕ್ಕಿಂತಲೂ ಕೆಟ್ಟದ್ದು. ಆದರೆ ನಮ್ಮಲ್ಲಿ ಹೆಚ್ಚಾಗಿ ನಡೆಯುತ್ತಿರುವುದು ಆ ಮೂರನೆಯದೇ. ಗುತ್ತಿಗೆದಾರ ಒಂದು ದಿನದಲ್ಲಿ ಮುಗಿಸುತ್ತಾನೆ, ಮರವೂ ಹಸಿರಾಗಿಯೇ ಕಾಣುತ್ತದೆ, ಹೊಸ ಡಾಂಬರು ಕಪ್ಪಗೆ ಹೊಳೆಯುತ್ತದೆ. ಎಲ್ಲರಿಗೂ ತೃಪ್ತಿ. ಲೆಕ್ಕ ಚುಕ್ತವಾಗುವುದು ಕೆಲವು ವರ್ಷಗಳ ಅನಂತರ.

ಬೇರು ಏಕೆ ಹೀಗೆ ಮಾಡುತ್ತದೆ? ಮರವೆಂದರೆ ನೆಲದ ಮೇಲೆಷ್ಟೋ ಕೆಳಗೂ ಅಷ್ಟೇ ಆಳಕ್ಕೆ ಇಳಿದಿರುತ್ತದೆಂಬ ಒಂದು ಚಿತ್ರ ನಮ್ಮೆಲ್ಲರ ಮನಸ್ಸಿನಲ್ಲಿದೆ. ಶಾಲೆಯ ಪಠ್ಯಪುಸ್ತಕದ ತಾಯಿಬೇರಿನ ಚಿತ್ರದಿಂದ ಬಂದ ಕಲ್ಪನೆಯಿರಬೇಕು. ವಾಸ್ತವದಲ್ಲಿ ಬಹುತೇಕ ಮರಗಳ ಬೇರುಗಳಲ್ಲಿ ಹೆಚ್ಚಿನ ಪಾಲು ಇರುವುದು ನೆಲದ ಮೇಲ್ಪದರದ ಒಂದೂವರೆ ಎರಡು ಅಡಿಗಳಲ್ಲಿಯೇ. ಬೇರಿಗೆ ನೀರಿನಷ್ಟೇ ಗಾಳಿಯೂ ಬೇಕು. ಆಳದ ಗಟ್ಟಿಮಣ್ಣಿನಲ್ಲಿ ಅದು ದೊರೆಯದು. ಆದ್ದರಿಂದ ಬೇರು ಅಡ್ಡಲಾಗಿ ಹರಡುತ್ತದೆ, ಕೊಂಬೆಗಳ ಹರವಿಗಿಂತ ಎರಡು ಮೂರು ಪಟ್ಟು ದೂರದವರೆಗೂ ಹೋಗುತ್ತದೆ. ನಿಮ್ಮ ಅಂಗಳದ ಮರದ ಬೇರು ಬೀದಿಯಾಚೆಗಿನ ಹುಲ್ಲಿನಲ್ಲಿದ್ದರೆ ಆಶ್ಚರ್ಯಪಡಬೇಕಾದದ್ದಿಲ್ಲ.

ಡ್ರೈವ್‌ವೇಯನ್ನು ಮಾಡುವಾಗ ಮಣ್ಣನ್ನು ಗಟ್ಟಿಯಾಗಿ ಅದುಮಿ ಮೇಲೆ ಜಲ್ಲಿ ಹಾಸಿ, ಅದರ ಮೇಲೆ ಕಾಂಕ್ರೀಟನ್ನೋ ಡಾಂಬರನ್ನೋ ಹಾಕುತ್ತಾರೆ. ಕಾಂಕ್ರೀಟಾದರೆ ಸಾಮಾನ್ಯವಾಗಿ ನಾಲ್ಕು ಅಂಗುಲ ದಪ್ಪ. ಈ ಹೊದಿಕೆಯ ಕೆಳಗಿನ ಮಣ್ಣಿನ ತೇವ ಆರುವುದಿಲ್ಲ. ರಾತ್ರಿ ಹೊದಿಕೆ ತಣ್ಣಗಾದಾಗ ಅದರ ತಳದಲ್ಲಿ ಮಂಜಿನಂತೆ ನೀರು ಹನಿಗಟ್ಟುತ್ತದೆ. ಹೊದಿಕೆಗೂ ನೆಲಕ್ಕೂ ನಡುವೆ ಕಣ್ಣಿಗೆ ಕಾಣದಷ್ಟು ಕಿರಿದಾದ ಒಂದು ಸಂದು ಇದ್ದೇ ಇರುತ್ತದೆ. ಕೆಳಗೆ ಅದುಮಿದ ಗಟ್ಟಿ ನೆಲ, ಮೇಲೆ ಕಲ್ಲಿನಂತಹ ಹೊದಿಕೆ, ನಡುವೆ ನೀರೂ ಗಾಳಿಯೂ ಇರುವ ಸಂದು: ದಾರದಷ್ಟು ತೆಳುವಾದ ಎಳೆಬೇರೊಂದು ಅಲ್ಲಿಗೆ ಬಂದರೆ ಇನ್ನೆಲ್ಲಿಗೂ ಹೋಗುವ ಅಗತ್ಯವೇ ಅದಕ್ಕೆ ಇರುವುದಿಲ್ಲ. ಒಳಹೊಕ್ಕ ಬೇರು ಕಾಂಡದಂತೆಯೇ ವರ್ಷ ವರ್ಷವೂ ದಪ್ಪವಾಗುತ್ತದೆ. ಕೆಳಗಿನ ನೆಲ ಬಿಟ್ಟುಕೊಡದಿರುವುದರಿಂದ ಮೇಲಿನ ಹೊದಿಕೆ ಏಳುತ್ತದೆ. ಡಾಂಬರಾದರೆ ಉದ್ದನೆಯ ದಿಣ್ಣೆಯಂತೆ ಉಬ್ಬಿ ನೆತ್ತಿಯಲ್ಲಿ ಬಿರಿಯುತ್ತದೆ. ಕಾಂಕ್ರೀಟಾದರೆ ಹಲಗೆಯೊಂದು ಇಡಿಯಾಗಿ ಒಂದು ಕಡೆಗೆ ಎದ್ದು ನಿಲ್ಲುತ್ತದೆ. ಬಿರುಕಿನೊಳಕ್ಕೆ ಇಳಿದ ನೀರು ಡಿಸೆಂಬರಿನಲ್ಲಿ ಹೆಪ್ಪುಗಟ್ಟಿ ಹಿಗ್ಗುತ್ತದೆ. ಬೇರು ಆರಂಭಿಸಿದ್ದನ್ನು ಹಿಮ ಪೂರೈಸುತ್ತದೆ.

ಬಿರುಕಿಗೆಲ್ಲ ಬೇರೇ ಕಾರಣವೆಂದು ಹೇಳಲೂ ಆಗದು. ಕಾಲುದಾರಿಗಳ ಬಿರುಕಿಗೆ ಮರವೇ ಮೂಲವಲ್ಲವೆಂದು ಓಹಿಯೋದ ಸಿನ್ಸಿನಾಟಿಯಲ್ಲಿ ನಡೆದ ಅಧ್ಯಯನವೊಂದು ೨೦೦೦ರಲ್ಲಿಯೇ ವಾದಿಸಿತು. ತಳದ ಜಲ್ಲಿ ಸಾಲದಿದ್ದರೆ, ಎಂಟು ಹತ್ತು ಅಡಿಗೊಂದರಂತೆ ಸಂದುಗೆರೆ ಹಾಕದಿದ್ದರೆ, ನೀರು ಹರಿದುಹೋಗಲು ಇಳಿಜಾರಿಲ್ಲದಿದ್ದರೆ ಕಾಂಕ್ರೀಟು ಮರದ ಸಹಾಯವಿಲ್ಲದೆಯೂ ಒಡೆಯುತ್ತದೆ. ಹಾಗೆ ಒಡೆದ ಕಡೆ ನೀರೂ ಗಾಳಿಯೂ ಇರುವುದರಿಂದ ಬೇರು ಬಂದು ಸೇರುತ್ತದೆ. ಆಮೇಲೆ ಅಗೆದು ನೋಡಿದವನಿಗೆ ಬೇರು ಸಿಕ್ಕುತ್ತದೆ, ಆಪಾದನೆಯೂ ಅದರ ಮೇಲೆಯೇ. ಕಳ್ಳತನವಾದ ಮನೆಯಲ್ಲಿ ಕೊನೆಗೆ ಬಂದವನನ್ನು ಹಿಡಿದುಕೊಟ್ಟಂತೆ.

ನಾನಿರುವ ನ್ಯೂ ಇಂಗ್ಲೆಂಡಿನಲ್ಲಿ ಈ ತೊಂದರೆಗೆ ಒಂದು ಚರಿತ್ರೆಯೂ ಇದೆ. ಇಲ್ಲಿಯ ಊರುಗಳ ಬೀದಿಗಳಲ್ಲಿ ಹಿಂದೆ ಇದ್ದದ್ದು ಅಮೆರಿಕನ್ ಎಲ್ಮ್ ಮರಗಳು. ೧೯೩೦ರಲ್ಲಿ ಓಹಿಯೋದಲ್ಲಿ ಕಾಣಿಸಿಕೊಂಡ ಡಚ್ ಎಲ್ಮ್ ರೋಗವು ಮುಂದಿನ ದಶಕಗಳಲ್ಲಿ ಅವುಗಳನ್ನು ಸಾಲುಸಾಲಾಗಿ ಕೊಂದಿತು. ೧೯೩೮ರ ಚಂಡಮಾರುತವೂ ಕೆಡವಿತು. ಬೋಳಾದ ಬೀದಿಗಳಿಗೆ ಬೇಗ ನೆರಳು ಬೇಕಾಗಿ ಊರಿನವರು ನಾರ್ವೆ ಮೇಪಲ್, ಸಿಲ್ವರ್ ಮೇಪಲ್ ಮರಗಳನ್ನು ನೆಟ್ಟರು. ಎರಡೂ ಬೇಗ ಬೆಳೆಯುತ್ತವೆ, ಎರಡರ ಬೇರೂ ನೆಲದ ಮೇಲ್ಮೈಗೆ ತೀರ ಸಮೀಪ. ನಾರ್ವೆ ಮೇಪಲ್ ಸ್ಥಳೀಯ ಮರಗಳ ಜಾಗವನ್ನು ಕಬಳಿಸುತ್ತದೆಂದು ಈಗ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಅದರ ಮಾರಾಟವೇ ನಿಷಿದ್ಧ. ಎಂದೋ ಒಂದು ರೋಗಕ್ಕೆ ಹುಡುಕಿದ ಪರಿಹಾರ ಇಂದು ನಮ್ಮ ಡ್ರೈವ್‌ವೇಯ ಕೆಳಗಿದೆ.

ನನ್ನ ಡ್ರೈವ್‌ವೇಯ ಕೆಳಗಿದ್ದದ್ದೂ ಒಂದು ನಾರ್ವೆ ಮೇಪಲ್ ಮರದ್ದೇ ಬೇರು. ಮರ ನನ್ನದಲ್ಲ, ನೆರೆಯವರದು. ಗಡಿರೇಖೆಯಿಂದ ನಾಲ್ಕು ಅಡಿ ಆಚೆ, ಮೂವತ್ತು ಅಂಗುಲ ವ್ಯಾಸದ ಕಾಂಡ. ಬೇರು ಮಾತ್ರ ಗಡಿಯನ್ನು ಓದಬಲ್ಲದ್ದಲ್ಲವಾದ್ದರಿಂದ ನನ್ನ ಡಾಂಬರಿನಲ್ಲಿ ಎರಡು ದಿಣ್ಣೆಗಳೆದ್ದವು. ಗುತ್ತಿಗೆದಾರನೊಬ್ಬ ಬಂದು ನೋಡಿ, ಗಡಿಯುದ್ದಕ್ಕೂ ಎರಡು ಅಡಿ ಆಳದ ಕಾಲುವೆ ತೋಡಿ ಸಿಕ್ಕ ಬೇರುಗಳನ್ನೆಲ್ಲ ಕತ್ತರಿಸಿ ಹೊಸದಾಗಿ ಡಾಂಬರು ಹಾಕಿಕೊಡುವುದಾಗಿ ಹೇಳಿದ. "ನೆರೆಯವರನ್ನು ಕೇಳಬೇಕಲ್ಲ" ಎಂದದ್ದಕ್ಕೆ, ಕಾನೂನು ನಿಮ್ಮ ಕಡೆಗಿದೆ, ಕೇಳುವುದೇಕೆ ಎಂದು ಅವನ ಉತ್ತರ.

ಕಾನೂನಿನ ವಿಷಯದಲ್ಲಿ ಅವನು ಹೇಳಿದ್ದು ಸುಳ್ಳಲ್ಲ. ಮ್ಯಾಸಚೂಸೆಟ್ಸಿನ ಸರ್ವೋಚ್ಚ ನ್ಯಾಯಾಲಯವು ೧೯೩೧ರಲ್ಲಿ ಇಂತಹದೇ ವ್ಯಾಜ್ಯವೊಂದನ್ನು ತೀರ್ಮಾನಿಸಿತು. ನೆರೆಯವನ ಪಾಪ್ಲರ್ ಮರದ ಬೇರು ಚರಂಡಿಯ ಕೊಳವೆಗೆ ನುಗ್ಗಿ ನೆಲಮಾಳಿಗೆಯ ಸಿಮೆಂಟನ್ನು ಕೆಡಿಸಿತ್ತು. ನೊಂದವನು ತನ್ನ ಜಾಗಕ್ಕೆ ಬಂದ ಬೇರನ್ನೂ ಕೊಂಬೆಯನ್ನೂ ಗಡಿಯವರೆಗೆ ತಾನೇ ಕತ್ತರಿಸಿಕೊಳ್ಳಬಹುದು, ಆದರೆ ಆರೋಗ್ಯವಾದ ಮರದ ಒಡೆಯನಿಂದ ನಷ್ಟವನ್ನು ಕೇಳುವಂತಿಲ್ಲ ಎಂಬುದು ತೀರ್ಪು. ಇದಕ್ಕೆ ಮ್ಯಾಸಚೂಸೆಟ್ಸ್ ನಿಯಮವೆಂದೇ ಹೆಸರು. ೨೦೧೮ರಲ್ಲಿ ಅದೇ ನ್ಯಾಯಾಲಯ ಅದನ್ನು ಮತ್ತೆ ಎತ್ತಿಹಿಡಿದಿದೆ. ಎಲ್ಲ ರಾಜ್ಯಗಳೂ ಇದನ್ನು ಒಪ್ಪಿಲ್ಲ. ಹವಾಯಿಯಲ್ಲಿ ೧೯೮೧ರಲ್ಲಿ ವಿಚಾರಣೆಗೆ ಬಂದದ್ದು ತೊಂಬತ್ತು ಅಡಿ ಎತ್ತರದ ಒಂದು ಆಲದ ಮರ! ನಮ್ಮ ಊರಿನ ಮರವೊಂದು ಶಾಂತಸಾಗರದ ನಡುವಿನ ದ್ವೀಪದಲ್ಲಿ ಕಟಕಟೆ ಏರಿ ಕಾನೂನು ಬದಲಾಯಿಸಿತೆಂದರೆ ಸ್ವಲ್ಪ ಹೆಮ್ಮೆಪಟ್ಟರೂ ತಪ್ಪಿಲ್ಲ. ಮರದಿಂದ ನೆರೆಯವರ ಆಸ್ತಿಗೆ ನಿಜವಾದ ಹಾನಿಯಾಗಿದ್ದರೆ, ಅಥವಾ ಸದ್ಯದಲ್ಲೇ ಆಗುವ ಅಪಾಯವಿದ್ದರೆ, ಮರದ ಒಡೆಯನೇ ಹೊಣೆ ಎಂದು ಆ ನ್ಯಾಯಾಲಯ ಹೇಳಿತು. ವರ್ಜೀನಿಯಾದ ಸರ್ವೋಚ್ಚ ನ್ಯಾಯಾಲಯವೂ ೨೦೦೭ರಲ್ಲಿ ಸ್ವೀಟ್‌ಗಮ್ ಮರವೊಂದರ ಬೇರಿನ ಮೊಕದ್ದಮೆಯಲ್ಲಿ ೧೯೩೯ರ ತನ್ನ ಹಳೆಯ ನಿಲುವನ್ನು ಕೈಬಿಟ್ಟು ಇದೇ ದಾರಿ ಹಿಡಿಯಿತು.

ನನಗೆ ಎಲ್ಲಕ್ಕಿಂತ ವಿವೇಕದ್ದೆಂದು ತೋರಿದ್ದು ಕ್ಯಾಲಿಫೋರ್ನಿಯಾದ ಮೇಲ್ಮನವಿ ನ್ಯಾಯಾಲಯದ ೧೯೯೪ರ ತೀರ್ಪು. ಅಲ್ಲಿ ಒಬ್ಬ ಗೃಹಸ್ಥರು ತಮ್ಮ ಅಂಗಳದ ಉದ್ದಕ್ಕೂ ಮೂರು ಅಡಿ ಆಳಕ್ಕೆ ಅಗೆಸಿ ನೆರೆಯವರ ಪೈನ್ ಮರದ ಬೇರುಗಳನ್ನು ಕತ್ತರಿಸಿಹಾಕಿದರು. ಮರ ನಿಲ್ಲುವ ಶಕ್ತಿ ಕಳೆದುಕೊಂಡು ಅದನ್ನು ತೆಗೆಸಬೇಕಾಯಿತೆಂಬುದು ನೆರೆಯವರ ದೂರು. ತನ್ನ ನೆಲದಲ್ಲಿ ಕತ್ತರಿಸುವ ಹಕ್ಕು ಉಂಟು, ಆದರೆ ಅದು ನಿರಂಕುಶವಲ್ಲ. ನೆರೆಯವನ ಮರಕ್ಕೆ ಆಗುವ ಹಾನಿಯನ್ನು ಲೆಕ್ಕಿಸಿ ಯುಕ್ತವಾದ ರೀತಿಯಲ್ಲಿ ಅದನ್ನು ಚಲಾಯಿಸಬೇಕು ಎಂದು ನ್ಯಾಯಾಲಯ ಹೇಳಿತು. ಮ್ಯಾಸಚೂಸೆಟ್ಸ್ ನಿಯಮ ಹಕ್ಕನ್ನು ಹೇಳಿ ಅಲ್ಲಿಗೆ ನಿಲ್ಲುತ್ತದೆ. ಕ್ಯಾಲಿಫೋರ್ನಿಯಾದ ತೀರ್ಪು ಹಕ್ಕಿನ ಮುಂದಿನ ಮಾತನ್ನೂ ಹೇಳುತ್ತದೆ.

ಆ ಮುಂದಿನ ಮಾತು ಏನೆಂಬುದು ನನಗೆ ಸ್ಪಷ್ಟವಾದದ್ದು ವೃಕ್ಷತಜ್ಞರೊಬ್ಬರು ಬಂದು ಅಳೆದು ನೋಡಿದಾಗ. ಅವರ ವಿದ್ಯೆಯಲ್ಲಿ ಒಂದು ಸ್ಥೂಲವಾದ ಸೂತ್ರವಿದೆ. ಕಾಂಡದ ವ್ಯಾಸದ ಮೂರು ಪಟ್ಟಿಗಿಂತ ಹತ್ತಿರದಲ್ಲಿ ಬೇರು ಕತ್ತರಿಸಿದರೆ ಮರದ ನಿಲುವಿಗೇ ಅಪಾಯ. ಐದಾರು ಪಟ್ಟು ದೂರವಿದ್ದರೆ ಮರ ತಾಳಿಕೊಳ್ಳುವ ಸಂಭವ ಹೆಚ್ಚು. ಮೂವತ್ತು ಅಂಗುಲದ ಕಾಂಡಕ್ಕೆ ಮೂರು ಪಟ್ಟೆಂದರೆ ಏಳೂವರೆ ಅಡಿ. ಗಡಿರೇಖೆ ಇದ್ದದ್ದು ನಾಲ್ಕು ಅಡಿಯಲ್ಲಿ. ಕಾನೂನು ಹಾಕಿದ ಗೆರೆ, ಮರ ಹಾಕಿದ ಗೆರೆಗಿಂತ ಮೂರೂವರೆ ಅಡಿ ಒಳಗೆ! ಅಷ್ಟೇ ಅಲ್ಲ. ಗಾಳಿ ಬೀಸುವ ಕಡೆಯ ಬೇರುಗಳು ಹಗ್ಗದಂತೆ ಎಳೆದು ಹಿಡಿದಿರುವುದರಿಂದಲೇ ಮರ ಬೀಳದೆ ನಿಲ್ಲುತ್ತದೆ. ನನ್ನ ಮನೆ ಮರದ ಪಶ್ಚಿಮಕ್ಕಿದೆ, ನಮ್ಮಲ್ಲಿ ಚಳಿಗಾಲದ ಬಿರುಗಾಳಿ ಬೀಸುವುದು ವಾಯವ್ಯದಿಂದ. ನನ್ನ ಕಡೆಯ ಹಗ್ಗಗಳನ್ನು ಕತ್ತರಿಸಿದರೆ ಮರ ಬೀಳುವುದು ಪೂರ್ವಕ್ಕೆ, ಅಂದರೆ ನೆರೆಯವರು ಮಲಗುವ ಕೋಣೆಯ ಮೇಲೆ. ನನ್ನ ಡ್ರೈವ್‌ವೇಯ ಎರಡು ದಿಣ್ಣೆಗಳನ್ನು ಸಮಮಾಡಲು ನನ್ನ ಹಕ್ಕಿನ ಮಿತಿಯಲ್ಲಿಯೇ ನಾನು ಮಾಡಬಹುದಾಗಿದ್ದ ಕೆಲಸ ಇದು.

ಬೇರು ಕತ್ತರಿಸಿದ ಮರ ಮರುದಿನವೇ ಬೀಳುವುದಿಲ್ಲವೆಂಬುದೇ ಈ ವಿಷಯದ ಕಷ್ಟ. ಎರಡು ಮೂರು ವಸಂತಗಳಲ್ಲಿ ಎಂದಿನಂತೆ ಚಿಗುರುತ್ತದೆ. ಬಳಿಕ ತುದಿಯ ಕೊಂಬೆಗಳು ಒಣಗುತ್ತವೆ, ಕತ್ತರಿಸಿದ ಬಾಯಿಯಿಂದ ಕೊಳೆ ಒಳಕ್ಕೆ ಹತ್ತುತ್ತದೆ. ಅಷ್ಟರಲ್ಲಿ ಮನೆಯೇ ಕೈಬದಲಾಗಿರಲೂಬಹುದು. ಇನ್ನೊಂದು ಕಡೆ, ಬದುಕುಳಿದ ಮರದಲ್ಲಿ ಕತ್ತರಿಸಿದ ತುದಿಯಿಂದ ಒಂದು ಬೇರಿನ ಬದಲು ಹಲವು ಬೇರುಗಳು ಒಡೆದು ಮತ್ತೆ ಅದೇ ತೇವದ ಸಂದನ್ನು ಹುಡುಕಿಕೊಂಡು ಬರುತ್ತವೆ. ಬೇರನ್ನು ಕತ್ತರಿಸಿ ಮೇಲೆ ಮೊದಲಿನಂತೆಯೇ ಹೊದಿಸಿದವರು ಕೆಲವೇ ವರ್ಷಗಳಲ್ಲಿ ಅದೇ ದಿಣ್ಣೆಯನ್ನು ನೋಡುತ್ತಾರೆ. ಬೇರಿಗೆ ಉಪ್ಪು ಸುರಿಯಿರಿ, ಮೈಲುತುತ್ತ ಹಾಕಿರಿ ಎಂದು ಉಪದೇಶಿಸುವ ಮಹನೀಯರೂ ನಮ್ಮ ನಡುವೆ ಇದ್ದಾರೆ. ಅವರ ಮಾತಿಗೆ ಉತ್ತರ ಕೊಡುವ ಅಗತ್ಯವಿಲ್ಲ. ಅವರ ಹುಲ್ಲುಹಾಸನ್ನು ಒಮ್ಮೆ ನೋಡಿ ಬಂದರೆ ಸಾಕು.

ಕೊನೆಗೆ ಮಾಡಿದ್ದು ಇಷ್ಟು. ಮರದ ಪಕ್ಕದ ಹದಿನೆಂಟು ಅಡಿ ಉದ್ದದ ಡಾಂಬರನ್ನು ಮಾತ್ರ ಕೈಕೆಲಸದಿಂದ ಎಬ್ಬಿಸಲಾಯಿತು. ಅಗೆಯುವ ಯಂತ್ರವನ್ನು ತರಲು ಬಿಡಲಿಲ್ಲ. ಒತ್ತಿದ ಗಾಳಿಯನ್ನು ಕೊಳವೆಯ ಮೂಲಕ ಊದಿ ಮಣ್ಣನ್ನಷ್ಟೇ ಹಾರಿಸಿ ಬೇರನ್ನು ಗಾಯವಿಲ್ಲದೆ ಬಯಲುಮಾಡುವ ಒಂದು ಸಾಧನವಿದೆ. ಅದನ್ನು ಬಳಸಿ ನೋಡಿದಾಗ ಉಳಿಸಲೇಬೇಕಾದ ದೊಡ್ಡ ಬೇರುಗಳು ಮೂರು, ತೆಗೆಯಬಹುದಾದ ಸಣ್ಣವು ಕೆಲವು ಎಂದು ತಿಳಿಯಿತು. ಎರಡು ಕಾರುಗಳ ಅಗಲವಿದ್ದ ದಾರಿಯನ್ನು ಅಷ್ಟು ಉದ್ದಕ್ಕೆ ಒಂದು ಕಾರಿನ ಅಗಲಕ್ಕೆ ತಗ್ಗಿಸಿ ಮರದಿಂದ ದೂರಕ್ಕೆ ಬಾಗಿಸಲಾಯಿತು. ಮಣ್ಣನ್ನು ಕೆಳಕ್ಕೆ ಅಗೆಯದೆ ದಪ್ಪ ಜಲ್ಲಿಯನ್ನು ಮೇಲಕ್ಕೆ ಏರಿಸಿ, ಅದರ ಮೇಲೆ ಗಾರೆಯಿಲ್ಲದೆ ಬಿಡಿಬಿಡಿಯಾದ ಕಲ್ಲುಬಿಲ್ಲೆಗಳನ್ನು ಜೋಡಿಸಲಾಯಿತು. ದಪ್ಪ ಜಲ್ಲಿಯ ನಡುವಿನ ಬಯಲಿನಲ್ಲಿ ತೇವ ನಿಲ್ಲದಿರುವುದರಿಂದ ಬೇರು ಕಲ್ಲಿನ ತಳಕ್ಕೆ ಅಂಟದೆ ಜಲ್ಲಿಯ ಕೆಳಗೇ ಉಳಿಯುವ ಸಂಭವ ಹೆಚ್ಚು. ಮಳೆಯ ನೀರು ಸಂದುಗಳಿಂದ ಇಳಿದು ಮರಕ್ಕೇ ಸಲ್ಲುತ್ತದೆ.

ಇದರಲ್ಲಿ ತೊಂದರೆಯಿಲ್ಲವೆಂದು ನಾನು ಹೇಳುವುದಿಲ್ಲ. ಒಂದೇ ಸಮನಾದ ಡಾಂಬರಿಗಿಂತ ಖರ್ಚು ಹೆಚ್ಚು. ಹಿಮ ಬಿದ್ದಾಗ ಸಲಿಕೆಯ ಬಾಯಿ ಬಿಲ್ಲೆಗಳ ಅಂಚಿಗೆ ತಗಲುತ್ತದೆ. ರಬ್ಬರು ಬಾಯಿಯ ಸಲಿಕೆ ಬೇಕಾಗುತ್ತದೆ. ವಸಂತದಲ್ಲಿ ಎರಡು ಮೂರು ಬಿಲ್ಲೆಗಳು ಏಳುತ್ತವೆ, ಅವನ್ನು ಎತ್ತಿ ಕೆಳಗಿನ ಪುಡಿಜಲ್ಲಿಯನ್ನು ಕೆರೆದು ಮತ್ತೆ ಕೂಡಿಸಬೇಕು. ಒಂದು ಭಾನುವಾರದ ಬೆಳಗಿನ ಕೆಲಸ. ಎರಡು ಕಾರುಗಳಲ್ಲಿ ಒಂದನ್ನು ಹಿಂದೆ ನಿಲ್ಲಿಸಿದ್ದರೆ ಮುಂದಿನವರು ಹೊರಡುವಾಗ ಮನೆಯಲ್ಲಿ ಸಣ್ಣದೊಂದು ಚರ್ಚೆಯಾಗುತ್ತದೆ. ನೆರೆಯವರು ವಿಷಯ ತಿಳಿದು ಖರ್ಚಿನಲ್ಲಿ ಅರ್ಧವನ್ನು ಕೊಡಲು ಬಂದರು. ಈ ರಾಜ್ಯದ ಕಾನೂನಿನಂತೆ ಅವರು ಒಂದು ಸೆಂಟನ್ನೂ ಕೊಡಬೇಕಾಗಿರಲಿಲ್ಲ. ವೃಕ್ಷತಜ್ಞರ ಶುಲ್ಕವನ್ನು ಮಾತ್ರ ಅವರಿಂದ ಪಡೆದೆ. ಮನೆಯ ವಿಮೆಯಿಂದ ಏನಾದರೂ ಬರುತ್ತದೆಯೇ ಎಂದು ಕೇಳುವವರಿಗೆ ಒಂದು ಮಾತು: ನೆಲಗಟ್ಟು ಕ್ರಮೇಣ ಉಬ್ಬಿ, ಕುಸಿದು, ಬಿರುಕುಬಿಡುವುದನ್ನು ಸಾಮಾನ್ಯ ಮನೆವಿಮೆಯ ಕರಾರುಗಳು ಸ್ಪಷ್ಟವಾಗಿ ಹೊರಗಿಟ್ಟಿರುತ್ತವೆ.

ಮರದ ಪರವಾಗಿ ಮಾತನಾಡುವವರು ಮನುಷ್ಯರನ್ನು ಮರೆಯುತ್ತಾರೆಂಬ ಆಕ್ಷೇಪಣೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಊರಿನಿಂದ ಆರು ತಿಂಗಳಿಗೆಂದು ಬರುವ ನಮ್ಮ ತಂದೆತಾಯಿಯರು ಸಂಜೆ ಚಪ್ಪಲಿ ಮೆಟ್ಟಿಕೊಂಡು ನಡೆಯುವ ಮೊದಲ ಹತ್ತು ಹೆಜ್ಜೆಗಳು ಈ ಡ್ರೈವ್‌ವೇಯ ಮೇಲೆಯೇ ಬೀಳುತ್ತವೆ. ಎಪ್ಪತ್ತೈದು ದಾಟಿದವರಿಗೆ ಅರ್ಧ ಅಂಗುಲದ ಎಡವು ಸಾಕು, ಸೊಂಟದ ಮೂಳೆ ಮುರಿಯಲು. ಅಂಗವಿಕಲರ ಅನುಕೂಲಕ್ಕಾಗಿ ಸಾರ್ವಜನಿಕ ದಾರಿಗಳಿಗೆ ಈ ದೇಶದಲ್ಲಿ ಇರುವ ನಿಯಮದಂತೆ ಕಾಲು ಅಂಗುಲಕ್ಕಿಂತ ಹೆಚ್ಚಿನ ಏರುಪೇರನ್ನು ಓರೆಮಾಡಬೇಕು. ಅರ್ಧ ಅಂಗುಲ ಮೀರಿದರೆ ಇಳಿಜಾರನ್ನೇ ಮಾಡಬೇಕು. ನಮ್ಮ ಖಾಸಗಿ ಡ್ರೈವ್‌ವೇಗೆ ಆ ನಿಯಮ ಅನ್ವಯಿಸದಿದ್ದರೂ ಅಳತೆಗೋಲಾಗಿ ಅದು ಒಳ್ಳೆಯದು. ಗಾಲಿಕುರ್ಚಿಯವರು ಹೂಡಿದ ದಾವೆಯ ಪರಿಣಾಮವಾಗಿ ಲಾಸ್ ಏಂಜಲೀಸ್ ನಗರವು ಕಾಲುದಾರಿಗಳ ದುರಸ್ತಿಗೆ ಮೂವತ್ತು ವರ್ಷಗಳಲ್ಲಿ ಸುಮಾರು ೧೪೦ ಕೋಟಿ ಡಾಲರುಗಳನ್ನು ವೆಚ್ಚಮಾಡಲು ಒಪ್ಪಿಕೊಂಡು, ಆ ಒಪ್ಪಂದ ೨೦೧೬ರಲ್ಲಿ ಸ್ಥಿರವಾಯಿತು. ಆ ಕಾಲುದಾರಿಗಳನ್ನು ಎತ್ತಿದವುಗಳಲ್ಲಿ ನಮ್ಮ ಅತ್ತಿ ಆಲಗಳ ಕುಲಕ್ಕೇ ಸೇರಿದ ಫೈಕಸ್ ಮರಗಳು ಬಹಳ. ಎಡವಿ ಬೀಳುವವರ ಕಷ್ಟ ನಿಜವಾದದ್ದು. ಹಾಗೆಂದೇ ಎದ್ದ ಹಲಗೆಯನ್ನು ಇಂದೇ ಸರಿಪಡಿಸಬೇಕೆನ್ನುತ್ತೇನೆ. ಕಾಂಕ್ರೀಟಿನ ಅಂಚನ್ನು ಉಜ್ಜಿ ಓರೆಮಾಡಿಸಲು ಅರ್ಧ ದಿನ ಸಾಕು. ಹಲಗೆಯನ್ನು ಸರಿಪಡಿಸಲು ಮರವನ್ನು ಕೊಲ್ಲಬೇಕಾಗಿಲ್ಲ ಎಂಬುದಷ್ಟೇ ನನ್ನ ವಾದ.

ಇನ್ನೊಂದು ಆಕ್ಷೇಪಣೆ ಮನೆಯ ಬೆಲೆಯದು. ನಮ್ಮವರಲ್ಲಿ ಮನೆಯನ್ನು ಸದಾ ಮುಂದಿನ ಕೊಳ್ಳುವವನ ಕಣ್ಣಿನಿಂದ ನೋಡುವ ಅಭ್ಯಾಸವೊಂದು ಬೆಳೆದಿದೆ. ಗೋಡೆಗೆ ಯಾವ ಬಣ್ಣ, ಅಡಿಗೆಮನೆಗೆ ಯಾವ ಕಲ್ಲು, ಎಲ್ಲವೂ ಎಂದೋ ಬರಲಿರುವ ಅಪರಿಚಿತನ ಮೆಚ್ಚುಗೆಗಾಗಿ. ಇಪ್ಪತ್ತು ವರ್ಷ ಬಾಳಿದ ಮನೆಯಲ್ಲಿ ಅತಿಥಿಗಳಂತೆ ಇರುವುದೆಂದರೆ ಇದೇ. ಆ ಅಪರಿಚಿತನೂ ನಮ್ಮಂತೆಯೇ ನೆರಳು ನೋಡಿ ಮರುಳಾಗುವವನೆಂಬುದನ್ನು ಮರೆಯುತ್ತೇವೆ. ಡಾಂಬರಿನ ಆಯುಸ್ಸು ಹದಿನೈದು ಇಪ್ಪತ್ತು ವರ್ಷ, ಕಾಂಕ್ರೀಟಿನದು ಇನ್ನೊಂದಿಷ್ಟು. ಆ ಗಾತ್ರದ ಮರವನ್ನು ಮತ್ತೆ ಪಡೆಯಲು ಒಂದು ತಲೆಮಾರು ಸಾಲದು.

ನೆರಳು ಹೋದರೆ ಏನಾಗುತ್ತದೆಂಬುದನ್ನು ತಿಳಿಯಲು ನಾವು ದೂರ ಹೋಗಬೇಕಾಗಿಲ್ಲ. ಮ್ಯಾಸಚೂಸೆಟ್ಸಿನ ವೂಸ್ಟರ್ ನಗರದಲ್ಲಿ ೨೦೦೮ರ ಆಗಸ್ಟಿನಲ್ಲಿ ಏಷ್ಯಾ ಮೂಲದ ಉದ್ದಮೀಸೆಯ ಕೊರಕಜೀರುಂಡೆಯೊಂದು ಪತ್ತೆಯಾಯಿತು. ಅದು ಹರಡದಂತೆ ತಡೆಯಲು ಸರ್ಕಾರ ಮೂವತ್ತು ಸಾವಿರಕ್ಕೂ ಹೆಚ್ಚು ಮರಗಳನ್ನು ಕಡಿಸಬೇಕಾಯಿತು. ಅವುಗಳಲ್ಲಿ ಮೇಪಲ್‌ಗಳೇ ಅಧಿಕ. ಕಡಿದದ್ದು ಅನಿವಾರ್ಯ, ಅದನ್ನು ನಾನು ಟೀಕಿಸುತ್ತಿಲ್ಲ. ಆದರೆ ಆ ಬಡಾವಣೆಗಳಲ್ಲಿ ಮುಂದಿನ ಬೇಸಿಗೆಯಲ್ಲಿ ಓಡಾಡಿದವರಿಗೆ ಮನೆಗಳೆಲ್ಲ ಬಟ್ಟೆ ಕಳಚಿ ನಿಂತಂತೆ ಕಂಡವು. ನೆಲ ಕಾದಿತು, ಕಿಟಕಿಗಳಲ್ಲಿ ಏರ್‌ಕಂಡಿಷನರುಗಳು ಕಾಣಿಸಿಕೊಂಡವು. ಒಂದು ಜೀರುಂಡೆಯಿಂದ ಊರಿಗೆ ಊರೇ ಕಳೆದುಕೊಂಡದ್ದನ್ನು ನಾವು ಒಂದೊಂದೇ ಡ್ರೈವ್‌ವೇಯ ನೆಪದಲ್ಲಿ ಕಳೆದುಕೊಳ್ಳುತ್ತಿದ್ದೇವೆ.

ನಾವು ಬಂದ ನಾಡಿನಲ್ಲಿ ಈ ವಿಷಯದಲ್ಲಿ ಒಂದು ಹದವಿತ್ತು. ಊರ ಅರಳಿಮರಕ್ಕೆ ಕಟ್ಟೆ ಕಟ್ಟುವಾಗ ಚಪ್ಪಡಿಗಳನ್ನು ಬಿಡಿಯಾಗಿಯೇ ಜೋಡಿಸುತ್ತಿದ್ದರು. ಬೇರು ಎತ್ತಿದರೆ ಕಲ್ಲು ಅಲುಗುತ್ತದೆ. ಅದನ್ನು ಸರಿಸಿ ಕೂಡಿಸಿದರೆ ಮುಗಿಯಿತು. ಆದರೆ ಅದೇ ಅರಳಿಯ ಸಸಿ ದೇವಸ್ಥಾನದ ಗೋಪುರದ ಸಂದಿಯಲ್ಲಿ ಚಿಗುರಿದರೆ ಎರಡೆಲೆ ಇರುವಾಗಲೇ ಕೀಳಬೇಕೆಂಬುದನ್ನೂ ಅವರು ಬಲ್ಲವರಾಗಿದ್ದರು. ಪೂಜ್ಯವೆಂದು ಬಿಟ್ಟರೆ ಗೋಪುರ ಉಳಿಯದು. ಎಲ್ಲಿ ಕಲ್ಲು ಮರಕ್ಕೆ ದಾರಿ ಕೊಡಬೇಕು, ಎಲ್ಲಿ ಮರ ಕಲ್ಲಿಗೆ ದಾರಿ ಕೊಡಬೇಕು ಎಂಬ ವಿವೇಚನೆಗೆ ವೃಕ್ಷಪ್ರೇಮದ ಭಾಷಣ ಬೇಕಾಗಿರಲಿಲ್ಲ. ಇಂದು ಭಾಷಣಕ್ಕೆ ಕೊರತೆಯಿಲ್ಲ. ೧೯೮೩ರಲ್ಲಿ ಶಿರಸಿಯ ಬಳಿಯ ಸಾಲ್ಕಣಿಯಲ್ಲಿ ಮೊದಲಾದ ಅಪ್ಪಿಕೋ ಚಳವಳಿಯನ್ನು ನಮ್ಮ ವೇದಿಕೆಗಳಲ್ಲಿ ಸ್ಮರಿಸುತ್ತೇವೆ, ಸಾಲುಮರದ ತಿಮ್ಮಕ್ಕನವರ ಹೆಸರು ಬಂದಾಗ ಎದ್ದು ನಿಂತು ಚಪ್ಪಾಳೆ ತಟ್ಟುತ್ತೇವೆ. ಸೋಮವಾರ ಮನೆಗೆ ಮರಳಿ ಗುತ್ತಿಗೆದಾರನಿಗೆ ಫೋನು ಮಾಡುತ್ತೇವೆ. ಕರ್ನಾಟಕದಲ್ಲಿ ೧೯೭೬ರ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ಸ್ವಂತ ನಿವೇಶನದ ಮರವನ್ನು ಕಡಿಯುವುದಕ್ಕೂ ಸಾಮಾನ್ಯವಾಗಿ ವೃಕ್ಷಾಧಿಕಾರಿಯ ಅಪ್ಪಣೆ ಬೇಕು. ಊರಿನಲ್ಲಿ ನಿವೇಶನವಿಟ್ಟುಕೊಂಡಿರುವ ಪ್ರತಿನಿಧಿಗಳು ಇದನ್ನೂ ಗಮನಿಸಬಹುದು.

ಕಡಿಯಲೇಬೇಕಾದ ಮರಗಳಿವೆ. ಕಾಂಡದ ಬುಡದಲ್ಲಿ ಅಣಬೆ ಎದ್ದು ಒಳಗೆ ಟೊಳ್ಳಾಗಿರುವುದು, ಈಗಾಗಲೇ ಒಂದು ಕಡೆಯ ಬೇರು ಕಳೆದುಕೊಂಡು ಓರೆಯಾಗುತ್ತಿರುವುದು, ಮನೆಯ ಅಡಿಪಾಯಕ್ಕೆ ಮೂರು ನಾಲ್ಕು ಅಡಿಯಲ್ಲಿ ನೆಟ್ಟ ಸಿಲ್ವರ್ ಮೇಪಲ್, ಇವುಗಳನ್ನು ಉಳಿಸಿರೆಂದು ನಾನು ಹೇಳುವುದಿಲ್ಲ. ಅಂತಹದನ್ನು ತೆಗೆಸಿ, ಸರಿಯಾದ ಕಡೆ ಇನ್ನೊಂದನ್ನು ನೆಡುವುದೇ ಮೇಲು. ಡ್ರೈವ್‌ವೇಯಿಂದ ಐದಾರು ಅಡಿಯಷ್ಟೇ ಜಾಗವಿದ್ದರೆ ಡಾಗ್‌ವುಡ್, ಸರ್ವಿಸ್‌ಬೆರಿಯಂತಹ ಸಣ್ಣ ಮರಗಳು ಸಾಕು; ಓಕ್ ನೆಡುವ ಆಸೆಯಿದ್ದರೆ ಹದಿನೈದು ಇಪ್ಪತ್ತು ಅಡಿ ದೂರ ಬೇಕು. ಹೊಸದಾಗಿ ಮನೆ ಕಟ್ಟಿಸುವವರು ಕಾರ್ನೆಲ್ ವಿಶ್ವವಿದ್ಯಾನಿಲಯದಲ್ಲಿ ೧೯೯೦ರ ದಶಕದಲ್ಲಿ ರೂಪುಗೊಂಡ ವಿಶೇಷ ಮಣ್ಣಿನ ಬಗ್ಗೆ ವಿಚಾರಿಸಬಹುದು. ಅದರಲ್ಲಿ ಸುಮಾರು ಐದರಲ್ಲಿ ನಾಲ್ಕು ಪಾಲು ಒಡೆದ ಜಲ್ಲಿ, ಉಳಿದದ್ದು ಮಣ್ಣು. ಜಲ್ಲಿ ಕಲ್ಲುಗಳು ಒಂದಕ್ಕೊಂದು ಆತು ಮೇಲಿನ ಭಾರವನ್ನು ಹೊರುತ್ತವೆ, ನಡುವಿನ ಸಂದುಗಳ ಮಣ್ಣಿನಲ್ಲಿ ಬೇರು ಹರಿಯುತ್ತದೆ. ಕಾರಿಗೂ ಬೇರಿಗೂ ಒಂದೇ ನೆಲದಲ್ಲಿ ಎಡೆಮಾಡಿಕೊಟ್ಟ ಉಪಾಯ. ಅಂದಹಾಗೆ, ಚಳಿಗಾಲಕ್ಕೆ ಗರಾಜಿನೊಳಕ್ಕೂ ಬೇಸಿಗೆಗೆ ಹೊರಕ್ಕೂ ಹಸುಗೂಸಿನಂತೆ ಹೊತ್ತು ತಿರುಗುವ ಕರಿಬೇವಿನ ಕುಂಡಕ್ಕೆ ನಾವು ತೋರುವ ಅಕ್ಕರೆಯಲ್ಲಿ ಕಾಲುಭಾಗ ಈ ಮೇಪಲ್‌ಗಳಿಗೂ ಸಂದರೆ ಸಾಕು.

ಈ ವರ್ಷ ಡ್ರೈವ್‌ವೇಯ ಕೆಲಸ ಮಾಡಿಸಲಿರುವವರಿಗೆ ಕೆಲವು ಮಾತುಗಳು. ಮರ ಕಾಲುದಾರಿಗೂ ರಸ್ತೆಗೂ ನಡುವಿನ ಪಟ್ಟಿಯಲ್ಲಿದ್ದರೆ ಅದು ಸಾಮಾನ್ಯವಾಗಿ ಊರಿನ ಸ್ವತ್ತು. ಮ್ಯಾಸಚೂಸೆಟ್ಸಿನ ಊರುಗಳಲ್ಲಿ ೧೮೯೯ರಿಂದಲೂ ವೃಕ್ಷಪಾಲಕರೆಂಬ ಅಧಿಕಾರಿಗಳಿದ್ದಾರೆ. ಅವರ ಅಪ್ಪಣೆಯಿಲ್ಲದೆ ಆ ಮರದ ಬೇರನ್ನೂ ಮುಟ್ಟುವಂತಿಲ್ಲ, ಕಡಿಯುವುದಾದರೆ ಬಹಿರಂಗ ವಿಚಾರಣೆಯೇ ನಡೆಯಬೇಕು. ಬೇರೆ ರಾಜ್ಯಗಳವರು ತಮ್ಮ ಊರಿನ ಕಚೇರಿಯಲ್ಲಿ ವಿಚಾರಿಸಿಕೊಳ್ಳಬೇಕು. ಅಗೆಯುವ ಮೊದಲು ೮೧೧ಕ್ಕೆ ಫೋನು ಮಾಡಿದರೆ ಅನಿಲ, ವಿದ್ಯುತ್ತಿನ ಸಾರ್ವಜನಿಕ ಕೊಳವೆ ತಂತಿಗಳನ್ನು ಖರ್ಚಿಲ್ಲದೆ ಗುರುತುಮಾಡಿ ಹೋಗುತ್ತಾರೆ. ವೃಕ್ಷತಜ್ಞರನ್ನು ಗುತ್ತಿಗೆದಾರನಿಗಿಂತ ಮೊದಲು ಕರೆಯಿರಿ. ಮರ ಕಡಿಯುವ ಗುತ್ತಿಗೆಯೂ ತನಗೇ ಬರಲೆಂದು ಕಾದಿರುವವರನ್ನಂತೂ ಸಲಹೆಗೆ ಕರೆಯಬೇಡಿ. ನೆರೆಯವರ ಮರವಾದರೆ ಅವರೊಡನೆ ಒಂದು ಲೋಟ ಕಾಫಿಯೊಂದಿಗೆ ಮಾತನಾಡಿ, ಒಪ್ಪಿದ್ದನ್ನು ಎರಡು ಸಾಲಿನಲ್ಲಿ ಬರೆದು ಇಬ್ಬರೂ ಸಹಿ ಹಾಕಿಕೊಳ್ಳಿ. ಒಳ್ಳೆಯ ವೃಕ್ಷತಜ್ಞರು ಏಪ್ರಿಲ್ ಬಂದ ಮೇಲೆ ಕೈಗೆ ಸಿಗುವುದಿಲ್ಲ. ಫೆಬ್ರವರಿಯಲ್ಲಿಯೇ ದಿನ ಗೊತ್ತುಮಾಡಿಕೊಳ್ಳಬೇಕು.